ಅಂಗಳದಲ್ಲೇ ನಿಂತ ಅಜ್ಜಿ

ಡಾಕ್ಟರಮ್ಮನ ಕೋಣೆಗೆ ಬೀಗಿತ್ತಿಯೂ ಹಿಂದೆಯೇ ನುಗ್ಗಿದಾಗ ಬಿಳಿಗೆರೆಯ ಹೊಂಬಾಳಮ್ಮನಿಗೆ ಮೈಯೆಲ್ಲ ಉರಿಯಿತು.

ಕುತ್ತಿಗೆಯ ಗಂಟು ತೆಗೆಸಿ ಹತ್ತು ದಿನವಾಗಿತ್ತು. ಇವತ್ತು ಅದರ ರಿಪೋರ್ಟು. ಊರಿಗೆಲ್ಲ ಗಂಟಲುನೋವೆಂದು ಹೇಳಿ, ಶಾಲು ಸುತ್ತಿಕೊಂಡು ತಿಪಟೂರಿನ ಬಸ್ಸು ಹತ್ತಿದ್ದಳು. ಜೊತೆಗೆ ಬರಬೇಕಿದ್ದ ಸೊಸೆ ನಿಸರ್ಗ ಜ್ವರವೆಂದು ಮಲಗಿ, ಮಾಯಸಂದ್ರದಿಂದ ತನ್ನ ತಾಯಿ ವಿಮಲಮ್ಮನನ್ನು ಕರೆಸಿ ಕಳಿಸಿದ್ದಳು. ಬೇಸಿಗೆಯಲ್ಲೂ ಸೆರಗನ್ನು ಕತ್ತಿನ ತನಕ ಹೊದ್ದುಕೊಳ್ಳುವ ಮಹಾ ಮರ್ಯಾದಸ್ಥೆ! ಕಳಿಸಲು ಬೇರೆ ಯಾರೂ ಸಿಗಲಿಲ್ಲವೇ?

ಹೊಂಬಾಳಮ್ಮನ ನಾಚಿಕೆಗೆ ಕಾರಣವಿತ್ತು. ಮಗನ ಮದುವೆ ಮಾತುಕತೆಯ ದಿನ ಹತ್ತು ಜನರ ಮುಂದೆ ಅವಳೇ ಗುಡುಗಿದ್ದಳು: "ನಿಮ್ಮ ವಂಶದಲ್ಲಿ ಕ್ಯಾನ್ಸರ್ ಗೀನ್ಸರ್ ಏನಾರ ಇದ್ರೆ ಈಗ್ಲೇ ಹೇಳ್ಬುಡಿ ಕಣ್ರೀ. ಆಮೇಲೆ ಗೊತ್ತಾದ್ರೆ ಹುಡ್ಗೀನ ವಾಪಸ್ ಕಳಿಸ್ಬುಡ್ತೀವಿ." ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಆರಿಸುವ ಮನೆ ಅದು. ಸಂಬಂಧವನ್ನೂ ಹಾಗೆಯೇ ಆರಿಸಿದ್ದಳು. ಈಗ ಆ ಮಾತು ತನ್ನ ಕುತ್ತಿಗೆಗೇ ಬಂದಿತ್ತು.

ಆದರೂ ಬೀಗಿತ್ತಿಗಿಂತ ತಾನು ಮೇಲೆಂಬ ಸಮಾಧಾನವೊಂದು ಉಳಿದಿತ್ತು. ಚೊಚ್ಚಲ ಬಾಣಂತನ ತವರಿನ ಪಾಲು. ಈಕೆ ಮಾತ್ರ ತುಂಬು ಬಸುರಿ ಮಗಳನ್ನು ಕರೆದುಕೊಂಡು ಹೋಗಲೇ ಇಲ್ಲ. ಮೊಮ್ಮಗಳು ಇಂಪನಾ ಹುಟ್ಟಿದ ಐದನೇ ದಿನ ಬಂದಳು. ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಅಂಗಳದಲ್ಲೇ ನಿಂತಳು. ಎಣ್ಣೆ ಹಚ್ಚಿ ನೀರೆರೆಯಬೇಕಾದ ಅಜ್ಜಿ! ಹೊಂಬಾಳಮ್ಮ ಕೂಸನ್ನು ಮುಂದೆ ಹಿಡಿದರೆ ಹಿಂದೆ ಸರಿದಳು. "ಬ್ಯಾಡಿ, ಹೊಂಬಾಳಕ್ಕ. ನಂಗೆ ಕೊಡ್ಬ್ಯಾಡಿ." ಮನೆಯಿಂದ ತಂದಿದ್ದ ಲೋಟದಲ್ಲೇ ನೀರು ಕುಡಿದು, ಬಂದ ದಾರಿ ಹಿಡಿದಳು.

ತಿಂಗಳಾದ ಮೇಲೆ ವಿಮಲಮ್ಮ ಬಂದು ಕೈ ಚಾಚಿದಾಗ ಹೊಂಬಾಳಮ್ಮ ಮಗುವನ್ನು ಕೊಡಲಿಲ್ಲ. ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸಿದವಳು ಎಂದು ಒಂಬತ್ತು ವರ್ಷದಿಂದ ಸಂತೆಯಲ್ಲೂ ಮದುವೆಮನೆಯಲ್ಲೂ ಸಾರುತ್ತ ಬಂದಿದ್ದಳು. ಇಂಪನಾಳಿಗೂ ಹೇಳಿಕೊಟ್ಟಿದ್ದಳು. ಆ ಹುಡುಗಿ ಇವತ್ತಿಗೂ ಮಾಯಸಂದ್ರದ ಅಜ್ಜಿಯ ಹತ್ತಿರ ಸುಳಿಯುವುದಿಲ್ಲ.

ಡಾಕ್ಟರಮ್ಮ ರಿಪೋರ್ಟು ಓದಿ ಮುಗುಳ್ನಕ್ಕರು.

"ಇದು ಕ್ಯಾನ್ಸರ್ ಅಲ್ಲಮ್ಮ. ಗಂಟು ಅದರ ಪೊರೆಯೊಳಗೇ ಇದೆ, ಆಚೆ ದಾಟಿಲ್ಲ. ಹಿಂದೆ ಇದನ್ನೂ ಕ್ಯಾನ್ಸರ್ ಅಂತಲೇ ಕರೀತಿದ್ವಿ. ಏಳೆಂಟು ವರ್ಷದ ಹಿಂದೆ ಆ ಹೆಸರನ್ನೇ ತೆಗೆದುಹಾಕಿದ್ರು. ಅರ್ಧ ಥೈರಾಯ್ಡ್ ತೆಗೆದಿದ್ದೀವಲ್ಲ, ಅಷ್ಟು ಸಾಕು. ಆಗಾಗ ಬಂದು ತೋರಿಸ್ಕೊಳ್ಳಿ."

"ಚಿಪ್ಪು ಒಡ್ದಿಲ್ಲ ಅನ್ನಿ!" ಹೊಂಬಾಳಮ್ಮನಿಗೆ ಹೋದ ಜೀವ ಬಂದಂತಾಯಿತು.

"ಹಂಗಾರೆ..." ವಿಮಲಮ್ಮ ಬಾಯಿಬಿಟ್ಟಳು. "ಆ ಅಯೋಡಿನ್ ಔಷ್ದಿ ಕುಡಿಯಂಗಿಲ್ವಾ, ಡಾಕ್ಟ್ರೇ?"

"ಬೇಡವೇ ಬೇಡ. ಹಿಂದೆ ಇಂಥ ಗಂಟಿಗೂ ಕೊಡ್ತಿದ್ರು. ಈಗ ಕೊಡಲ್ಲ."

ವಿಮಲಮ್ಮನ ಮುಖ ಬಿಳಿಚಿಕೊಂಡಿತು. ಕಣ್ಣು ತುಂಬಿ ಬಂತು. ತನಗೆ ಕ್ಯಾನ್ಸರ್ ಇಲ್ಲವೆಂದು ಇವಳಿಗೆ ಹೊಟ್ಟೆಯುರಿಯೇ? ಹೊಂಬಾಳಮ್ಮ ಸುಮ್ಮನಿರಲಿಲ್ಲ.

"ಯಾಕ್ರೀ ವಿಮಲಮ್ಮೋರೆ, ಬ್ಯಾಸ್ರ ಆಯ್ತಾ? ನಂಗೆ ಅದ್ನ ಕುಡ್ಸಿದ್ರೆ ನಿಮ್ಗೇನು ಸಿಕ್ತಿತ್ತು?"

ವಿಮಲಮ್ಮ ಸೆರಗೆಳೆದು ಕಣ್ಣೊರೆಸಿಕೊಂಡಳು. ಡಾಕ್ಟರಮ್ಮನೇ ಹೇಳಿದರು: "ಕುಡಿಯೋದು ತಪ್ಪಿದ್ದು ನಿಮ್ಮ ಪುಣ್ಯ. ಕುಡಿದವರ ಮೈಯಿಂದ ಒಂದಷ್ಟು ದಿನ ವಿಕಿರಣ ಬರುತ್ತೆ. ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲೋಟ. ಬಸುರಿಯರು, ಹಸುಗೂಸು ಇದ್ರೆ ಹತ್ತಿರಕ್ಕೂ ಹೋಗೋ ಹಾಗಿಲ್ಲ."

ಹೊಂಬಾಳಮ್ಮ ನಗಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಜಗಲಿಯ ಮೇಲಿನ ಎಣ್ಣೆ ಡಬ್ಬಿ ಕಣ್ಣಿಗೆ ಬಂತು. ಆಮೇಲೆ ಆ ಲೋಟ.

ಮೆಲ್ಲಗೆ ತಿರುಗಿ ನೋಡಿದಳು. ಕಣ್ಣೊರೆಸಿಕೊಳ್ಳುವ ಭರದಲ್ಲಿ ವಿಮಲಮ್ಮನ ಸೆರಗು ಕತ್ತಿನಿಂದ ಜಾರಿತ್ತು. ತನಗೆ ಹೊಲಿಗೆ ಬಿದ್ದ ಜಾಗದಲ್ಲೇ ಅವಳಿಗೊಂದು ಮಾಸಿದ ಗೆರೆ. ಹತ್ತು ಜನರ ಮುಂದೆ ಗುಡುಗಿದ ಮಾತು ನೆನಪಾಗಿ ಹೊಂಬಾಳಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ವಿಮಲಮ್ಮ ಅವಳತ್ತ ನೋಡಲೇ ಇಲ್ಲ. ಡಾಕ್ಟರಮ್ಮನನ್ನೇ ಕೇಳಿದಳು:

"ನನ್ ಗಂಟೂ ಪೊರೆ ದಾಟಿಲ್ಲ ಅಂದಿದ್ರು. ಹಂಗಾರೆ ನಮ್ ಇಂಪನಾ ಹುಟ್ದಾಗ ನಾನೂ ಎತ್ಕೊಬೋದಿತ್ತು, ಅಲ್ವಾ ಡಾಕ್ಟ್ರೇ?"