ಜೊತೆಗೆ ಬಂದವನು

೨೦೨೪ರ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ೯ ಗಂಟೆ ೪೦ ನಿಮಿಷ. ಅಹಮದಾಬಾದಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸೀತಕ್ಕ ಮತ್ತೆ ಹಟ ಹಿಡಿದು ಕೂತಳು.

“ಮೊದಲು ನೀನು. ಆಮೇಲೆ ನಾನು.”

“ಕಾಯಿಲೆ ನಿನ್ನದು ಮಾರಾಯ್ತಿ!” ಎಂದ ತಮ್ಮ ಪಾಂಡುರಂಗ.

“ಹೋಟೆಲಲ್ಲಿ ಸಾಂಬಾರಿನ ಮೊದಲ ಸೌಟು ರುಚಿ ನೋಡುವವ ನೀನೇ ಅಲ್ವಾ? ಇದನ್ನೂ ನೋಡು.”

ಕಾಯಿಲೆ ಅಕ್ಕನದೇ. ಪರ್ನಿಷಿಯಸ್ ಅನೀಮಿಯಾ. ಜಠರದ ಒಳಪದರ ಸವೆದು, ಊಟದಲ್ಲಿನ ಬಿ-೧೨ ಮೈಗೆ ಹತ್ತದೆ ಬರುವ ರಕ್ತಹೀನತೆ. ತಿಂಗಳಿಗೊಂದು ಚುಚ್ಚುಮದ್ದಿನಿಂದ ರಕ್ತವೇನೋ ಸರಿಹೋಗಿತ್ತು. ಸವೆದ ಜಠರ ಸವೆದೇ ಇತ್ತು. ಅಂಥ ಜಠರದಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚು, ಕೊಳವೆ ಇಳಿಸಿ ನೋಡಬೇಕು ಎಂದಿದ್ದರು ವೈದ್ಯರು.

ವಡೋದರಾದಲ್ಲಿ ಗೆಳತಿಯ ಮಗಳ ಸೀಮಂತಕ್ಕೆಂದು ಹೋಗಿಬಂದ ಮರುದಿನ ಅಕ್ಕ ಷರತ್ತು ಹಾಕಿದಳು: ತಮ್ಮನೂ ಮಾಡಿಸಿಕೊಂಡರೆ ಮಾತ್ರ ತಾನು. ಉಧ್ನಾದಲ್ಲಿ ಅವರು ನಡೆಸುವ ಹೋಟೆಲಿನ ಅಡುಗೆಮನೆಯಲ್ಲಿ ಮೂರು ವಾರ ಅದೇ ಜಗಳ. ದೋಸೆಕಲ್ಲಿನ ಮುಂದೆ ಅವನು, ಬಾಗಿಲಿಗೆ ಅಡ್ಡ ಅವಳು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು. ಸಾಯಲಿ ಎಂದು ಬಿಡುವುದು ಹೇಗೆ? ಕೊನೆಗೆ ಅವನೇ ಸೋತ. ಅವಳ ಚಿಂತೆಯಲ್ಲಿ ಅವನ ನಾಲಿಗೆಯೇ ಕೆಟ್ಟಿತ್ತು. ಸಾಂಬಾರಿಗೆ ಉಪ್ಪು ಜಾಸ್ತಿ ಎಂದು ಗಿರಾಕಿಗಳು ದೂರುತ್ತಿದ್ದರು. ಅವನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು.

ಅಕ್ಕ ಯಾರನ್ನೂ ಕೇಳದೆ ಕಾರಿಡಾರಿನ ತುದಿಗೆ ನಡೆದಳು. ಹಿಂದೆ ಬಂದ ಅವನ ಎಡಗಾಲಿನ ಚಪ್ಪಲಿ ಕಳಚಿಕೊಂಡದ್ದು ಅವನಿಗೆ ತಿಳಿಯಲೇ ಇಲ್ಲ. ಅವಳೇ ತಿರುಗಿ ಹೋಗಿ ಎತ್ತಿ ತಂದಳು. ಬೈಯಲಿಲ್ಲ.

“ಕೇಮ್ ಛೋ, ಸೀತಾಬೆನ್?” ಎಂದು ನರ್ಸ್ ಗುಜರಾತಿಯಲ್ಲಿ ಕುಶಲ ಕೇಳಿ ನಕ್ಕಳು.

“ಗಂಟಲಿಗೆ ಹೊಡೆಯುವ ಔಷಧಿ ಬೇವಿನ ಸೊಪ್ಪು ಅಗಿದ ಹಾಗೆ. ಹೆದರಬೇಡ, ಮೂಗಲ್ಲಿ ಉಸಿರಾಡು,” ಎಂದಳು ಅಕ್ಕ ತಮ್ಮನಿಗೆ.

“ನಿಂಗೆ ಹೇಗೆ ಗೊತ್ತು?”

“ಯಾರೋ ಹೇಳಿದ್ರು.”

ಅವನನ್ನು ಎಡಮಗ್ಗುಲಲ್ಲಿ ಮಲಗಿಸಿದರು. ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರ, ಭುಜದ ಮೇಲೆ ಯಾರದೋ ಕೈ. ಬೇಡ ಎನ್ನಲು ಬಾಯಿಯೇ ಇಲ್ಲ. ಕೊಳವೆ ಇಳಿಯುವ ಮುನ್ನ ಮಂಪರು ಕವಿಯಿತು.

ಎಚ್ಚರವಾದಾಗ ೧೧ ಗಂಟೆ ೨೦ ನಿಮಿಷ. ಅಷ್ಟರಲ್ಲಿ ಅಕ್ಕನದೂ ಮುಗಿದಿರಬೇಕು. ಗಾಜಿನಾಚೆ ವೈದ್ಯರು ಮೆಲ್ಲಗೆ ಏನೋ ಹೇಳುತ್ತಿದ್ದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಹೊರಬಂದವಳ ಕಂಕುಳಲ್ಲಿ ಫೈಲು.

“ಎಂತ ಹೇಳಿದ್ರು?”

“ನನ್ನದು ಚೆನ್ನಾಗುಂಟಂತೆ.”

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದುಕೊಂಡು ಅವನು ಫೈಲು ಕಿತ್ತುಕೊಂಡ. ಮೊದಲ ಹಾಳೆಯಲ್ಲಿ ಅಕ್ಕನ ಹೆಸರು. ಕ್ಯಾನ್ಸರ್ ಇಲ್ಲ, ಒಡಹುಟ್ಟಿದವರನ್ನೂ ಪರೀಕ್ಷಿಸಿ ಎಂದಿತ್ತು. ತಾರೀಖು ಅಕ್ಟೋಬರ್ ೨೧. ಅವಳು ಸೀಮಂತಕ್ಕೆಂದು ಹೋಗಿದ್ದ ದಿನ.

ಎರಡನೆಯ ಹಾಳೆಯಲ್ಲಿ ಇವತ್ತಿನ ತಾರೀಖು, ಅವನ ಹೆಸರು: ಜಠರ ಸವೆದಿದೆ, ಒಂದು ಗಡ್ಡೆ, ಕ್ಯಾನ್ಸರಿನ ಶಂಕೆ, ಬೇಗ ಸಿಕ್ಕಿದೆ, ತೆಗೆಯಬಹುದು, ಅಳತೆ ೧೧ ಮಿಲಿಮೀಟರ್.