ಎಡಗಾಲಿನ ಬೂಟು

ಹಳೆಯ ಬೊಂಬೆಗಳನ್ನು ಕೊಳ್ಳುವ ಅಂಗಡಿಯವನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ. ನಾನು ತಂದಿದ್ದ ಮಗಳ ಬೊಂಬೆ, ಜಪಾನಿ ಅನಿಮೆ ಕಾರ್ಟೂನಿನ ಯೋಧೆಯ ಕವಚವನ್ನು ಒಂದೊಂದಾಗಿ ಬಿಚ್ಚಿಟ್ಟ. ಶಿರಸ್ತ್ರಾಣ, ಭುಜಪಟ್ಟಿ, ಎದೆಕವಚ.

“ಒಂದು ಗೀರೂ ಇಲ್ವಲ್ಲಮ್ಮ. ನಮ್ಮನೇಲಿ ಆಗಿದ್ರೆ ತಲೆ ಒಂದ್ಕಡೆ, ಕಾಲು ಒಂದ್ಕಡೆ ಬಿದ್ದಿರ್ತಿತ್ತು. ಮಗಳು ಎಷ್ಟನೇ ಕ್ಲಾಸು?”

“ಏಳರವರೆಗೆ ಓದಿದ್ಲು.”

ಅವನು ತಲೆಯೆತ್ತಿ ನೋಡಿದ. ಕೊನೆಗೆ ಎಡಗಾಲಿನ ಬೂಟು ಕಳಚಿದ. ಬೊಂಬೆಯ ಅಂಗಾಲಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು.

“ಇದೇನು, ಪೇಂಟಾ?”

“ಕಾಡಿಗೆ. ದೃಷ್ಟಿಬೊಟ್ಟು. ಕೆನ್ನೆಗಿಟ್ರೆ ಸ್ಕೂಲಲ್ಲಿ ನಗ್ತಾರೆ ಅಂತ ಅವಳಿಗೆ ದಿನಾ ಅಂಗಾಲಿಗೆ ಇಡ್ತಿದ್ದೆ. ಇದಕ್ಕೆ ಅವಳು ಇಟ್ಟಿದಾಳೆ. ನನಗೆ ಗೊತ್ತೇ ಇರ್ಲಿಲ್ಲ.”

“ಕಲೆ ಇದ್ರೆ ಬೆಲೆ ಅರ್ಧ ಆಗುತ್ತೆ. ಸ್ಪಿರಿಟ್ ಹಾಕಿ ಒರೆಸ್ತೀನಿ, ಹೋಗ್ಬಿಡುತ್ತೆ.”

ಅವನು ಹತ್ತಿ ಅದ್ದುವಷ್ಟರಲ್ಲಿ ನಾನು ಬೊಂಬೆಗೆ ಬೂಟು ತೊಡಿಸಿದೆ.

“ಬೇಡಪ್ಪ. ಆಪರೇಶನ್ ದಿನ ನರ್ಸ್ ಹೇಳಿದ್ರು ಅಂತ, ಅವಳ ಕಾಲಿನ ಬೊಟ್ಟನ್ನ ನಾನೇ ಒರೆಸಿ ಒಳಗೆ ಕಳ್ಸಿದ್ದೆ.”