ಹಸಿ ಗೋಡೆ

“ನನ್ನ ಗ್ವಾಡಿ ಒಣಗಿದ್ರ ಸಾಲದು ಸೈದಪ್ಪ. ಆಕೀ ಗ್ವಾಡಿ ತೊಯ್ಯಬೇಕು.”

ಗೌಂಡಿ ಸೈದಪ್ಪ ಕರಣೆ ಕೆಳಗಿಟ್ಟು ಮಹಾನಂದಾಳ ಮುಖ ನೋಡಿದ. ಆಳಂದದ ಆ ಓಣಿಯಲ್ಲಿ ಮನೆಗಳು ಹೆಗಲಿಗೆ ಹೆಗಲು ಹಚ್ಚಿ ನಿಂತಿವೆ, ಎರಡು ಮನೆಗೆ ಒಂದೇ ಗೋಡೆ. ಈ ಗೋಡೆಯ ಆಚೆ ಬ್ಲೌಸು ಹೊಲಿಯುವ ಮದೀನಾಬಿ ಒಬ್ಬಳೇ ಇದ್ದಾಳೆ. ಈಚೆ, ಮಹಾನಂದಾಳ ಪಡಸಾಲೆಯಲ್ಲಿ, ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿತ್ತು. ಮುಟ್ಟಿದರೆ ಗೋಡೆಗೆ ಮೆತ್ತಿದ ಗಿಲಾವು ಕೈಗೇ ಬರುತ್ತಿತ್ತು.

“ಹಸಿ ಎಲ್ಲಿಂದ ಬರ್ತದ, ಒಮ್ಮೆ ನೋಡ್ಲೇನ್ರಿ ಅಕ್ಕಾರ?”

“ನನಗ ಗೊತ್ತದ. ಗ್ವಾಡಿ ಆಚಿಗಿ ಆಕೀ ಬಚ್ಚಲ. ನೀ ನೋಡಾಕ ಬಂದಿಲ್ಲ, ಮುಚ್ಚಾಕ ಬಂದೀದಿ.”

ಸಾಕ್ಷಿ ಇಲ್ಲದೆ ಮಾತಾಡುವ ಹೆಂಗಸಲ್ಲ ಮಹಾನಂದಾ. ಎಷ್ಟೋ ವರ್ಷದ ನೆರೆಯಾದರೂ ಆಕೆ ಮದೀನಾಬಿಯ ಹೊಸ್ತಿಲು ದಾಟಿದವಳಲ್ಲ. ಬ್ಲೌಸಿನ ಬಟ್ಟೆ ಕೊಡುವುದೂ ಹೊರಗಿನ ಕಟ್ಟೆಯ ಮೇಲೆ ನಿಂತೇ. ಆದರೆ ಕಣ್ಣಿಗೇನು ಹೊಸ್ತಿಲು? ಒಳಗಿನ ಪರದೆ ಗಾಳಿಗೆ ಸರಿದಾಗೆಲ್ಲ ಈ ಗೋಡೆಗೆ ಎದೆಮಟ್ಟ ಹಾಕಿದ ಬಿಳಿ ಟೈಲ್ಸ್ ಕಾಣುತ್ತಿದ್ದವು. ಅವನ್ನು ಹಾಕಿಸಿದ ವರ್ಷದಿಂದಲೇ ಇತ್ತ ಹಸಿ ಶುರುವಾಗಿದ್ದು. ಇನ್ನೇನು ಬೇಕು?

ಮದೀನಾಬಿ ತಂಗಿಯ ಮನೆಗೆಂದು ಬೀಗ ಹಾಕಿ ಒಂದು ತಿಂಗಳು ಜೇವರ್ಗಿಗೆ ಹೋಗಿದ್ದಾಗ ಕಲೆ ಇನ್ನೂ ಹಿಗ್ಗಿತು. ಬೇಕಂತಲೇ ನಳ ಬಿಟ್ಟು ಹೋಗಿದ್ದಾಳೆ ಎಂದು ಮಹಾನಂದಾ ಹಲ್ಲು ಕಡಿದಳು.

ಅಷ್ಟಾದರೂ ನುಂಗಿಕೊಂಡಿದ್ದಳು. ನುಂಗಲಾರದ್ದು ನಡೆದದ್ದು ಮಗಳು ಸಪ್ನಾಳನ್ನು ನೋಡಲು ಅಫಜಲಪುರದವರು ಬಂದ ದಿನ. ಹುಡುಗನ ತಾಯಿ ಗೋಡೆಗೆ ಬೆನ್ನು ಕೊಟ್ಟು ಕೂತವಳು ಏಳುವಾಗ ಹೊಸ ರೇಷ್ಮೆ ಸೀರೆಯ ತುಂಬ ಒದ್ದೆ ಸುಣ್ಣ. ಮನೆಯನ್ನೇ ಇಟ್ಟುಕೊಳ್ಳಲು ಬಾರದವರ ಮಗಳು ಏನು ಬಾಳುವೆ ಮಾಡಿಯಾಳು ಎಂದು ಊರಿಗೆ ಹೋಗಿ ಹೇಳಿಕಳಿಸಿದರು. ಸಪ್ನಾ ಎರಡು ದಿನ ಊಟ ಬಿಟ್ಟಳು. ಮಹಾನಂದಾ ಅಳಲಿಲ್ಲ, ಗೌಂಡಿಯನ್ನು ಕರೆಸಿದಳು.

ಸೈದಪ್ಪ ಹಳೆಯ ಗಿಲಾವು ಕೆರೆದು, ನೀರು ಹಾಯದ ಮಸಾಲೆ ಮೂರು ಕೈ ಬಳಿದ. ಮೇಲೆ ಹೊಸ ಗಿಲಾವು, ಪುಟ್ಟಿ, ಬಾದಾಮಿ ಬಣ್ಣ. ನೆಲದ ಶಹಾಬಾದಿ ಫರಸಿ ಕಲ್ಲಿನ ಮೇಲೆ ಮುಖ ಕಾಣುವಂಥ ಟೈಲ್ಸ್. ನೀರಿಗೆ ಈಚೆ ದಾರಿಯಿಲ್ಲ, ಅದೀಗ ಹುಟ್ಟಿದ ಮನೆಗೇ ತಿರುಗಬೇಕು. ಮಾಡಿದ್ದುಣ್ಣೋ ಮಹರಾಯ, ಎಂದು ಮಹಾನಂದಾ ದಿನವೂ ಗೋಡೆಗೆ ಕಿವಿ ಹಚ್ಚಿದಳು.

ಮದೀನಾಬಿ ಮಾತ್ರ ಕಟ್ಟೆಯ ಮೇಲಿಂದ ನಕ್ಕಳು. “ಬಣ್ಣ ಭಾಳ ಛಂದ ಆಗ್ಯಾದ್ರಿ ಅಕ್ಕಾರ. ಪೈಪ ಭೀ ನೋಡಿಸಿದ್ರೇನ್ರಿ?”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಮಾಡುವುದನ್ನೆಲ್ಲ ಮಾಡಿ ಮೇಲೆ ಚುಚ್ಚು ಮಾತು ಬೇರೆ!

ಮುಂದೆ ಬೇರೊಂದು ಊರಿನ ಬೀಗರು ಸಪ್ನಾಳನ್ನು ನೋಡಲು ಬಂದಾಗ ಮಹಾನಂದಾ ಮದೀನಾಬಿಯನ್ನೂ ಕರೆದಳು. ಒಣಗಿದ ಗೋಡೆ ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದೇ ಗೋಡೆಯ ಪಕ್ಕಕ್ಕೆ ಕೂಡಿಸಿದಳು. ಚಹಾ ಬಂತು. ಸಪ್ನಾ ಬಂದು ಕೂತಳು, ಮದೀನಾಬಿಯೇ ಹೊಲಿದ ಹಸಿರು ಬ್ಲೌಸಿನಲ್ಲಿ.

ಆಗ ಗೋಡೆಯ ಬುಡದ ಟೈಲ್ಸ್ ಸಂದಿನಿಂದ ನೀರು ಉಕ್ಕಿತು. ಎಲ್ಲರೂ ನೋಡುತ್ತಿದ್ದಂತೆ ಹರಿದು ಬಂದು ಹುಡುಗನ ತಾಯಿಯ ಸೀರೆಯ ಅಂಚು ಮುಟ್ಟಿತು. ಸಪ್ನಾಳ ಮುಖ ಸುಣ್ಣವಾಯಿತು.

ಮಹಾನಂದಾ ಎದ್ದು ನಿಂತಳು. “ಇಕೀದೇ ಕೆಲಸ ಇದು. ನಮ್ಮ ಗ್ವಾಡಿಗಿ ಹಚ್ಚಿ ಬಚ್ಚಲ ಕಟ್ಟಿಕೊಂಡಾಳ. ಇವತ್ತ ನಳ ಬಿಟ್ಟು ಬಂದು ಹ್ಯಾಂಗ ಕೂತಾಳ ನೋಡ್ರಿ.”

ಮದೀನಾಬಿ ಬಾಯಿ ತೆರೆದಳು. ಸಪ್ನಾಳ ಕಡೆ ನೋಡಿದಳು. ತೆರೆದ ಬಾಯಿ ಮುಚ್ಚಿ, ಬೀಗರ ಕಡೆ ತಿರುಗಿದಳು.

“ಹೌದ್ರಿ. ತಪ್ಪು ನಂದೇ ಅದ. ಈ ಮನ್ಯಾಗ ಏನೂ ಕಸರ ಇಲ್ರಿ, ಹುಡುಗಿ ಬಂಗಾರದಂಥಾಕಿ.” ಬಗ್ಗಿ ತನ್ನ ಸೆರಗಿನಿಂದಲೇ ನೆಲ ಒರೆಸಿದಳು.

ಹುಡುಗನ ತಾಯಿ ಕಾಲು ಮೇಲೆತ್ತಿಕೊಂಡು ನಕ್ಕಳು. “ಇರ್ಲಿ ಬಿಡ್ರಿ, ನೆರಿಮನಿ ಅಂದ್ರ ಇವೆಲ್ಲ ಇದ್ದದ್ದೇ.” ಸಂಜೆಗೆ ಸಂಬಂಧ ಕುದುರಿತು, ಸಪ್ನಾಳ ಬಾಯಿಗೆ ಸಕ್ಕರೆ ಹಾಕಿದರು.

ಮಹಾನಂದಾಳಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ನಾಲ್ಕು ಜನರೆದುರು ಕಳ್ಳಿ ಒಪ್ಪಿಕೊಂಡಾಗಿದೆ, ಇನ್ನು ಆ ಬಚ್ಚಲು ಇರಕೂಡದು. ಮರುದಿನ ಬೆಳಿಗ್ಗೆಯೇ ಸುತ್ತಿಗೆ, ಚಾಣ ಹಿಡಿಸಿ ಸೈದಪ್ಪನನ್ನು ಕರೆದೊಯ್ದಳು. ಮದೀನಾಬಿ ದಾರಿ ಬಿಟ್ಟು ನಿಂತಳು. ಮಹಾನಂದಾ ಮೊದಲ ಸಲ ಆ ಹೊಸ್ತಿಲು ದಾಟಿ, ಪರದೆಯನ್ನು ಜಗ್ಗಿ ಸರಿಸಿದಳು.

“ಒಡಿ, ಸೈದಪ್ಪ.”

ಸೈದಪ್ಪ ಸುತ್ತಿಗೆ ಎತ್ತಲಿಲ್ಲ. ಒಳಗೆ ಒಂದು ಮಂಚ. ಮಡಚಿಟ್ಟ ಕೌದಿ. ಮೂಲೆಯಲ್ಲಿ ನಮಾಜಿನ ಚಾಪೆ. ಗೋಡೆಗೆ ಎದೆಮಟ್ಟ ಬಿಳಿ ಟೈಲ್ಸ್. ನಳ ಎಲ್ಲಿಯೂ ಇರಲಿಲ್ಲ.

“ಬಚ್ಚಲ ಹಿತ್ತಲದಾಗ ಅದ ಅಕ್ಕಾರ,” ಎಂದಳು ಮದೀನಾಬಿ. “ನಿಮ್ಮ ಮಾಳಗಿ ಮ್ಯಾಲಿನ ನೀರಿನ ಟಾಕಿ ಪೈಪ ಈ ಗ್ವಾಡಿ ಒಳಗಿಂದ ಇಳದದ. ಅದರ ನೀರು ನನ್ನ ಹಾಸಿಗಿಗಿ ಬರ್ತಿತ್ತು, ಅದಕ್ಕ ಈ ಟೈಲ್ಸ್ ಹಾಕ್ಸಿದ್ದು.”